ಅತ್ತೆಗೆ ಮಂಗಳೂರು ತೋರಿಸಿದ್ದು

ನನಗೊಂದು ಚಾಳಿಯಿದೆ. "ನಿಮ್ಮದು ಯಾವೂರು?" ಎಂದು ಯಾರಾದರೂ ಕೇಳಿದರೆ ಊರಿನ ಹೆಸರು ಹೇಳಿ ಸುಮ್ಮನಾಗುವುದು ನನ್ನಿಂದ ಆಗುವುದಿಲ್ಲ. ಕೇಳಿದವರು ಪಾಪ, ಬಸ್ಸಿಗೆ ಕಾಯುತ್ತಲೋ ರೇಷನ್ ಅಂಗಡಿಯಲ್ಲಿ ನಿಂತೋ ಹೊತ್ತು ಹೋಗಲೆಂದು ಕೇಳಿರುತ್ತಾರೆ. ನಾನು "ಮಂಗಳೂರು" ಎನ್ನುತ್ತೇನೆ. ಅಷ್ಟು ಹೇಳುವುದರೊಳಗೆ ಬೆನ್ನು ತಾನಾಗಿ ನೆಟ್ಟಗಾಗಿರುತ್ತದೆ. ಆಮೇಲೆ ಬಂದರು ಬರುತ್ತದೆ, ಅದರ ಹಿಂದೆ ಹಡಗುಗಳು, ಅರಬರ ಕುದುರೆ ವ್ಯಾಪಾರ, ಕಾಳುಮೆಣಸು, ಹಂಚಿನ ಕಾರ್ಖಾನೆ, ಎರಡು ನದಿ ಒಟ್ಟಿಗೆ ಸಮುದ್ರ ಸೇರುವ ಅಳಿವೆ. ಐಸ್‌ಕ್ರೀಮಿನವರೆಗೆ ಬರುವಷ್ಟರಲ್ಲಿ ಕೇಳಿದವರ ಬಸ್ಸು ಬಂದಿರುತ್ತದೆ. ಕೆಲವರು ತಮ್ಮದಲ್ಲದ ಬಸ್ಸನ್ನೂ ಹತ್ತಿಬಿಟ್ಟಿದ್ದಾರೆಂದು ನನಗೆ ಗುಮಾನಿ.

ನಾನು ಜಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಊರಿನ ಹುಡುಗನೊಬ್ಬ ಮಂಗಳೂರಿನ ಬಂದರಿನಲ್ಲಿ ಕ್ರೇನ್ ರಿಪೇರಿಯ ಕೆಲಸಕ್ಕೆ ಬಂದವನು, ರಿಪೇರಿ ಮುಗಿಸಿ ವಾಪಸಾಗುವಾಗ ನನ್ನನ್ನೂ ಕರೆದುಕೊಂಡು ಬಂದ. ಈಗ ಆತ ಇಲ್ಲಿಯೇ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ಸಮುದ್ರದ ಪಕ್ಕದಿಂದ ಬಂದವಳು ಮೆಕ್ಕೆಜೋಳ, ಶೇಂಗಾ ಬೆಳೆಯುವ ಬಯಲಿಗೆ ಹೊಂದಿಕೊಂಡೆನೇ ಎಂದು ಕೇಳಿದರೆ, ಬೇಗನೇ ಹೊಂದಿಕೊಂಡೆ. ಬಯಲಿನ ಒಣ ಗಾಳಿಯಲ್ಲಿ ತಲೆಗೂದಲು ಬೇಗ ಆರುತ್ತದೆ, ಹಪ್ಪಳ ಮೆತ್ತಗಾಗುವುದಿಲ್ಲ, ಜನ ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳಿಬಿಡುತ್ತಾರೆ. ಹೊಂದಿಕೊಳ್ಳದೇ ಇದ್ದದ್ದು ನನ್ನ ನಾಲಿಗೆ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಗತಿಯಲ್ಲಿ "ನೀರಿನಲ್ಲಿ ಆಮ್ಲಜನಕ ಉಂಟು" ಎಂದೆ. ಮಕ್ಕಳು ನಕ್ಕರು. "ಯಾಕೆ, ಇಲ್ವಾ?" ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಐತೆ ಮಿಸ್, ಉಂಟಿಲ್ಲ" ಎಂದಳು. ಆಮ್ಲಜನಕಕ್ಕೂ ಊರಿಗೊಂದು ಕ್ರಿಯಾಪದ ಬೇಕೆಂಬುದನ್ನು ಯಾವ ಬಿ.ಎಡ್. ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ನನಗೆ ಸರಿಸಾಟಿ ಒಬ್ಬರೇ: ಚನ್ನಗಿರಿ ಕಡೆಯ ಗಣಿತದ ಮೇಷ್ಟ್ರು. ನಾನು ಸಮುದ್ರ ಎಂದರೆ ಅವರು ಸೂಳೆಕೆರೆ ಎನ್ನುತ್ತಾರೆ. "ಅದು ಕೆರೆ ಅಲ್ರೀ ಟೀಚರೇ, ಸಮುದ್ರದ ತಂಗಿ" ಎನ್ನುತ್ತಾರೆ. ನಮ್ಮಿಬ್ಬರ ಜಲಯುದ್ಧ ಶುರುವಾಯಿತೆಂದರೆ ಉಳಿದವರು ಕಾಪಿ ತಿದ್ದುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ. ಆದರೂ ಮೇಷ್ಟ್ರಲ್ಲಿ ಇಲ್ಲದ ಒಂದು ಅಸ್ತ್ರ ನನ್ನಲ್ಲಿದೆ. ನನ್ನ ಊರಿಗೆ ಹೆಸರು ಒಂದಲ್ಲ. ಕನ್ನಡದವರಿಗೆ ಅದು ಮಂಗಳೂರು, ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರ. ನಾವು ಚಿಕ್ಕವರಿದ್ದಾಗ ನಮ್ಮ ಓಣಿಯಲ್ಲಿ ಈ ಎಲ್ಲ ಹೆಸರುಗಳೂ ಒಟ್ಟಿಗೆ ವಾಸವಿದ್ದವು. ಒಂದು ಹಲಸಿನ ಹಣ್ಣು ಕೊಯ್ದರೆ ಅದನ್ನು ತಿನ್ನಲು ಐದು ಭಾಷೆ ಸೇರುತ್ತಿದ್ದವು. ಮಗುವಿಗೆ ಮನೆಯವರೆಲ್ಲ ಒಂದೊಂದು ಹೆಸರಿಟ್ಟು ಮುದ್ದು ಮಾಡುವ ಹಾಗೆ ಊರನ್ನು ಮುದ್ದು ಮಾಡಿದ ಜನ ನಾವು ಎಂದು ಹೇಳಿ ನಾನು ಯುದ್ಧ ಗೆಲ್ಲುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಗೆದ್ದದ್ದು ಮನೆಯಲ್ಲಿ ನಡೆಯುತ್ತಿರಲಿಲ್ಲ. ಮನೆಯಲ್ಲಿ ನನ್ನ ಅತ್ತೆ ಇದ್ದರು.

ಅತ್ತೆಯ ಹೆಸರು ಓಬಮ್ಮ. ಕುರಿ ಸಾಕಿದ ಮನೆತನ. ಮಾವ ಬೇಗ ತೀರಿಕೊಂಡ ಮೇಲೆ ಕುರಿಗಳನ್ನು ಮಾರಲು ಸಂತೆಗೆ ತಾವೇ ಹೋದವರು. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಹೆಂಗಸೊಬ್ಬಳ ಬೆರಳು ಹಿಡಿಯಲು ದಲ್ಲಾಳಿಗಳು ಹಿಂಜರಿದಾಗ ಅತ್ತೆ ಟವೆಲ್ ಕಿತ್ತು ಪಕ್ಕಕ್ಕೆ ಎಸೆದು, "ಬಾಯಿಲೆ ಹೇಳ್ರಿ, ನಾನೂ ಬಾಯಿಲೆ ಹೇಳ್ತೀನಿ, ಎಲ್ಲಾರ್ಗೂ ಕೇಳ್ಲಿ" ಎಂದರಂತೆ. ಅಂಥವರ ಮುಂದೆ ಬಂದರಿನ ಇತಿಹಾಸ ಹೇಳಿದರೆ ಏನಾದೀತು? ಕಿವಿಗೊಟ್ಟು ಕೇಳುವರು, ಅಡಿಕೆ ಅಗಿಯುವರು, ಕೊನೆಗೆ ಒಂದೇ ಪ್ರಶ್ನೆ ಕೇಳುವರು: "ಅಷ್ಟು ನೀರೈತೆ ಅಂತೀಯ, ಒಂದು ಚೊಂಬು ಕುಡಿಯಾಕ್ ಬರ್ತೈತೇನು?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ, ಆದರೆ ಮರ್ಯಾದೆ ಉಳಿಸುವ ಉತ್ತರವಿಲ್ಲ.

ಒಂದು ದಿನ ಮಾತಿಗೆ ಮಾತು ಬೆಳೆಯಿತು. ಪಕ್ಕದ ಮನೆಯಾಕೆಯ ಮುಂದೆ ನಾನು "ನಮ್ಮೂರಲ್ಲಿ ಹೀಗೆ, ನಮ್ಮೂರಲ್ಲಿ ಹಾಗೆ" ಎಂದು ಯಾವುದೋ ಸಾರಿನ ವಿಷಯ ಹೇಳುತ್ತಿದ್ದೆ. ಆಕೆ ಹೋದ ಮೇಲೆ ಅತ್ತೆ ತಣ್ಣಗೆ ಹೇಳಿದರು: "ನಮ್ಮೂರು ನಮ್ಮೂರು ಅಂತೀಯಲ್ಲೇ, ಇದು ಯಾರೂರು? ನೀನೇನೋ ಈ ಮನಿಗೆ ಬಂದಿ. ನಿನ್ ಮನಸು ಇನ್ನಾ ಅಲ್ಲೇ ಬಸ್‌ಸ್ಟ್ಯಾಂಡ್‌ನಾಗೆ ಕುಂತೈತೆ."

ಅದು ಜಗಳದ ಮಾತಾಗಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಆದರೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ನೋವಿತ್ತು. ಮಗ ತಂದ ಸೊಸೆ ಇಷ್ಟು ವರ್ಷವಾದರೂ ಇಲ್ಲಿ ಅತಿಥಿಯ ಹಾಗೆ ಇದ್ದಾಳೆ ಎಂಬ ನೋವು. ಅದು ನಿಜವಲ್ಲ ಎಂದು ಹೇಗೆ ಹೇಳುವುದು? ಒಂದು ಊರನ್ನು ಪ್ರೀತಿಸಿದರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆಂದು ಅವರು ತಿಳಿದಿದ್ದರು. ಪ್ರೀತಿಯೇನು ಕೊಡದಲ್ಲಿನ ನೀರೇ, ಇತ್ತ ಬಗ್ಗಿಸಿದರೆ ಅತ್ತ ಖಾಲಿಯಾಗಲು? ಈ ಮಾತು ನನಗೆ ಹೊಳೆದದ್ದು ಮಾರನೆಯ ದಿನ, ಅದೂ ತರಗತಿಯಲ್ಲಿ ಬೆಳಕಿನ ವಕ್ರೀಭವನ ಕಲಿಸುತ್ತಿರುವಾಗ. ಒಳ್ಳೆಯ ಉತ್ತರಗಳೆಲ್ಲ ನನಗೆ ಹೀಗೆ ತಡವಾಗಿಯೇ ಬರುತ್ತವೆ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದದ್ದರಿಂದ ಕಥೆಗೆ ತಿರುವು ಬಂತು. ಅತ್ತೆಯ ಓರಗೆಯವರೆಲ್ಲ ಗುಂಪುಗುಂಪಾಗಿ ಹೊರಟರು. ಯಾವ ಯಾವುದೋ ದೇವರನ್ನು ನೋಡಿ ಬಂದರು. ಬಂದು ಕಟ್ಟೆಯ ಮೇಲೆ ಕುಳಿತು ಪ್ರವಚನ ಮಾಡಿದರು. ಅತ್ತೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ದೇವರು ಇಲ್ಲೇ ಇರುವಾಗ ಅಷ್ಟು ದೂರ ಯಾಕೆ ಎಂಬುದು ಅವರ ವಾದ. ಬೇಸಿಗೆ ರಜೆಯ ಆರಂಭದಲ್ಲಿ ಒಂದು ಮಧ್ಯಾಹ್ನ, ಶೇಂಗಾ ಸುಲಿಯುತ್ತ ಕುಳಿತಿದ್ದವರು ಇದ್ದಕ್ಕಿದ್ದಂತೆ ಅಂದರು: "ನಡಿ, ನಿನ್ ಮಂಗ್ಳೂರು ತೋರ್ಸು. ಅದೇನೈತೋ ಒಂದು ಸಲ ನೋಡೇ ಬಿಡಾನ."

ಇಷ್ಟು ವರ್ಷ ಮಾತಿನಲ್ಲಿ ಕಟ್ಟಿದ ಊರಿಗೆ ಈಗ ಸ್ಥಳ ಪರಿಶೀಲನೆ! ಅದೂ ಕುರಿಯ ಹಲ್ಲು ನೋಡಿ ವಯಸ್ಸು ಹೇಳುವ ಕಣ್ಣಿನಿಂದ.

ನಸುಕಿನಲ್ಲೇ ಹೊರಟೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಬಂದೆವು. ಸೇತುವೆಯ ಮೇಲೆ ಅತ್ತೆ ಕಿಟಕಿಗೆ ಮುಖವಿಟ್ಟು ತುಂಗಭದ್ರೆಯನ್ನು ನೋಡಿದರು. ಬೇಸಿಗೆಯ ಹೊಳೆ, ಬಂಡೆಗಳೇ ಹೆಚ್ಚು, ನಡುವೆ ತೆಳ್ಳಗೆ ಹರಿಯುವ ನೀರು. "ಬ್ಯಾಸ್ಗ್ಯಾಗೆ ಹೊಳಿನೇ ಹಿಂಗ್ ಆಗೈತಲ್ಲ, ನಿನ್ ಸಮುದ್ರ ಬತ್ತಿರಾಕಿಲ್ಲ ತಾನೇ? ಹೋದ ಮ್ಯಾಲೆ ಮಳಿಗಾಲ್ದಾಗೆ ಬರಬೇಕಿತ್ತು ಅಂತ ಹೇಳ್ಬ್ಯಾಡ" ಎಂದರು. ಸಮುದ್ರ ಬತ್ತುವುದಿಲ್ಲವೆಂದು ನಾನು ಶಾಸ್ತ್ರೋಕ್ತವಾಗಿ ವಿವರಿಸತೊಡಗಿದೆ. ನ್ಯಾಮತಿ ಬರುವಷ್ಟರಲ್ಲಿ ಅತ್ತೆಗೆ ನಿದ್ದೆ ಬಂದಿತ್ತು. ಸವಳಂಗದಲ್ಲಿ ಎಚ್ಚರಾದವರು ಹೊರಗೆ ನೋಡಿ, "ಇಲ್ಲಿ ಮೇವು ಚೆನ್ನಾಗೈತೆ" ಎಂದು ಒಂದು ಸರ್ಟಿಫಿಕೇಟು ಕೊಟ್ಟು ಮತ್ತೆ ಮಲಗಿದರು. ಶಿವಮೊಗ್ಗ ದಾಟಿ, ಘಾಟಿಯ ತಿರುವುಗಳಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಕೆಳಗಿಳಿದರು. ಉಡುಪಿಯಲ್ಲಿ ನಾವು ಹತ್ತಿದ್ದು ಖಾಸಗಿ ಬಸ್ಸು. ಕಂಡಕ್ಟರ್ ಟಿಕೆಟ್ ಕೇಳಿದಾಗ ಅತ್ತೆ ಗತ್ತಿನಿಂದ ಆಧಾರ್ ಕಾರ್ಡು ಹಿಡಿದರು.

"ಇದು ಪ್ರೈವೇಟ್ ಅಮ್ಮಾ, ಆಧಾರ್ ನಡೆಯುದಿಲ್ಲ" ಎಂದ ಆತ.

"ಯಾಕಪ್ಪ, ನಿಮ್ಮೂರು ಕರ್ನಾಟಕದಾಗೆ ಇಲ್ವೇನು?"

ಇಡೀ ಬಸ್ಸು ನಕ್ಕಿತು. ಕಂಡಕ್ಟರನೂ ನಕ್ಕ. ಟಿಕೆಟ್ ಮಾತ್ರ ಹರಿದುಕೊಟ್ಟ. ಪರಿಶೀಲನೆಯಲ್ಲಿ ನನ್ನ ಊರಿಗೆ ಮೊದಲ ಅಂಕ ಅಲ್ಲೇ ಕಡಿತವಾಯಿತು.

ಆಮೇಲೆ ಕಡಿತವಾದದ್ದಕ್ಕೆ ಲೆಕ್ಕವಿಲ್ಲ. ಮಂಗಳೂರಿನ ಸೆಕೆ ಅತ್ತೆಯನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿಯಿತು. ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಇದೇನ್ ತಾಯಿ, ಕುಂತಲ್ಲೇ ಬೇಯಿಸ್ತೈತಲ್ಲ ನಿಮ್ಮೂರು" ಎಂದರು. ರಸ್ತೆಗಳನ್ನು ಅಗೆದು ಹಾಕಿದ್ದರು. ಊರ ನಡುವಿನ ಹಂಪನಕಟ್ಟೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ನಡೆಯುತ್ತೇನೆಂದು ಕೊಚ್ಚಿಕೊಂಡವಳು. ಕಣ್ಣು ತೆರೆದುಕೊಂಡೇ ದಾರಿ ತಪ್ಪಿದೆ. ಇದ್ದ ತಿರುವು ಇಲ್ಲ, ಇಲ್ಲದ ಒನ್‌ವೇ ಇದೆ. ಮರ್ಯಾದೆ ಬಿಟ್ಟು ಒಬ್ಬ ಆಟೋದವನನ್ನು ನಮ್ಮ ತುಳುವಿನಲ್ಲಿ ದಾರಿ ಕೇಳಿದೆ. ಆತ ಹಿಂದಿಯಲ್ಲಿ ಉತ್ತರಿಸಿದ. ಅತ್ತೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗು ಬೀಸಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ನಮ್ಮ ಮನೆ ಬಂದರಿನ ಹಿಂದಿನ ಓಣಿಯಲ್ಲಿ. ಅಂದರೆ, ಮನೆ ಇದ್ದದ್ದು ಅಲ್ಲಿ. ಈಗ ಅಲ್ಲಿ ಎತ್ತರದ ಕಟ್ಟಡ ಬಂದಿದೆ. ಅದರ ಒಂದು ಫ್ಲ್ಯಾಟಿನಲ್ಲಿ ನನ್ನ ಅಮ್ಮನೂ ತಮ್ಮನ ಸಂಸಾರವೂ ಇರುವುದು. ತಮ್ಮನ ಹೆಂಡತಿ ಮಕ್ಕಳೊಂದಿಗೆ ರಜೆಗೆ ತವರಿಗೆ ಹೋಗಿದ್ದಳು, ತಮ್ಮ ಅವರನ್ನು ಬಿಡಲು ಹೋಗಿದ್ದ, ಅಮ್ಮ ಒಬ್ಬರೇ ಇದ್ದರು. "ಬನ್ನಿ, ಬನ್ನಿ, ಪ್ರಯಾಣ ಆರಾಮ ಆಯ್ತಾ? ಎಂಥ ಕುಡೀತೀರಿ?" ಎಂದು ಅಮ್ಮ ಸಂಭ್ರಮದಿಂದ ಬೀಗಿತ್ತಿಯನ್ನು ಒಳಗೆ ಕರೆದರು. ಅತ್ತೆ ಒಳಗೆ ಹೋಗುವ ಮೊದಲು ಉದ್ದದ ಮೊಗಸಾಲೆಯನ್ನೂ ಎರಡೂ ಕಡೆ ಮುಚ್ಚಿದ ಬಾಗಿಲುಗಳನ್ನೂ ನೋಡಿದರು. "ಇವರೆಲ್ಲಾ ಊರಾಗೆ ಇಲ್ವೇನು?" ಎಂದು ಕೇಳಿದರು. "ಇದ್ದಾರೆ, ಬಾಗಿಲು ಹಾಕಿಕೊಂಡು ಇರುವುದು. ಎಲ್ಲರ ಹೆಸರು ನನಗೂ ಗೊತ್ತಿಲ್ಲ" ಎಂದರು ಅಮ್ಮ. ಹಲಸಿನ ಹಣ್ಣು, ಐದು ಭಾಷೆ ಎಂದೆಲ್ಲ ಹೇಳಿದ್ದು ಅತ್ತೆಗೆ ಆ ಕ್ಷಣದಲ್ಲಿ ನೆನಪಾಗದಿರಲಿ ಎಂದು ಬೇಡಿಕೊಂಡೆ.

ಸಂಜೆ ಸಮುದ್ರ ತೋರಿಸಿದೆ. ನನ್ನ ಕೊನೆಯ ಭರವಸೆ ಅದೇ. ಭಾನುವಾರದ ಪಣಂಬೂರು ಬೀಚು. ಸಮುದ್ರ ಕಾಣಬೇಕಾದರೆ ಮೊದಲು ಜನರ ಬೆನ್ನುಗಳನ್ನು ದಾಟಬೇಕು. ಒಂದು ಕಡೆ ಗೋಬಿ ಮಂಚೂರಿಯ ಹೊಗೆ, ಒಂದು ಕಡೆ ಒಂಟೆ. ಅತ್ತೆ ಒಂಟೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ದೂರ ನಿಂತೇ ಸಮುದ್ರದ ಕಡೆ ಕಣ್ಣು ಹಾಯಿಸಿ, "ಹ್ಞೂಂ, ಬಾಳ ಐತೆ" ಎಂದರು. ಅಷ್ಟೇ. ಅರಬ್ಬೀ ಸಮುದ್ರಕ್ಕೆ ಎರಡು ಪದ! ಆ ರಾತ್ರಿ ಊಟ ನನಗೆ ರುಚಿಸಲಿಲ್ಲ. ನಾನು ಹಾಡಿ ಹೊಗಳಿದ ಊರು ಎಲ್ಲಿ ಹೋಯಿತು? ಅಥವಾ ಅದು ನನ್ನ ಬಾಯಿಯಲ್ಲಿ ಮಾತ್ರ ಇತ್ತೇ?

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯ ಹಾಸಿಗೆ ಖಾಲಿ.

ಕುರಿಗಳ ಜೊತೆ ಬಾಳಿದವರು, ಬೆಳಕು ಹರಿಯುವ ಮೊದಲೇ ಏಳುವ ಅಭ್ಯಾಸ. ಆದರೆ ಎದ್ದು ಹೋದದ್ದೆಲ್ಲಿಗೆ? ಕಟ್ಟಡದ ಕೆಳಗಿಲ್ಲ, ಓಣಿಯಲ್ಲಿಲ್ಲ. ಅವರ ಫೋನು ಚಾರ್ಜಿಗೆ ಹಾಕಿದ್ದು ಹಾಗೆಯೇ ಗೋಡೆಯಲ್ಲಿ ನೇತಾಡುತ್ತಿದೆ. ಅಮ್ಮ ಗಾಬರಿಯಾಗಿ, "ಎಂಥ ಮಾರಾಯ್ತಿ, ಅವರಿಗೆ ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಎಲ್ಲಿಗೆ ಹೋದದ್ದು ಅವರು?" ಎಂದು ಚಪ್ಪಲಿ ಮೆಟ್ಟಿಕೊಂಡೇ ಹೊರಟರು. ಕಟ್ಟಡದ ಕಾವಲುಗಾರ ಹೇಳಿದ: ಬುಟ್ಟಿ ಹಿಡಿದ ಮೀನಿನ ಹೆಂಗಸರು ಮಾತಾಡುತ್ತ ಹೋಗುತ್ತಿದ್ದರು, ನಿಮ್ಮ ಮನೆಗೆ ಬಂದ ಅಮ್ಮ ಅವರ ಹಿಂದೆಯೇ ಹೋದರು. ಅಂದರೆ ದಕ್ಕೆಗೆ. ದೋಣಿಗಳು ಮೀನು ತಂದು ಇಳಿಸುವ ಕಟ್ಟೆಗೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ನಾವಿಬ್ಬರೂ ಓಡಿದೆವು.

ದಕ್ಕೆ ಆ ಹೊತ್ತಿನಲ್ಲಿ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಒಂದರ ಮಗ್ಗುಲಿಗೆ ಒಂದು ಬಣ್ಣದ ದೋಣಿಗಳು, ಮಂಜುಗಡ್ಡೆಯ ಪೆಟ್ಟಿಗೆಗಳು, ಕಾಲ ಕೆಳಗೆ ನೀರು, ತಲೆಯ ಮೇಲೆ ಹದ್ದುಗಳು, ಏಲಂ ಕೂಗುವವರ ಗಂಟಲು. ಆ ಗದ್ದಲದ ನಡುವೆ, ಬೋರಲು ಹಾಕಿದ ಬುಟ್ಟಿಯ ಮೇಲೆ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ನನ್ನ ಅತ್ತೆ ಕುಳಿತಿದ್ದಾರೆ. ಪಕ್ಕದಲ್ಲಿ ಅವರ ವಯಸ್ಸಿನವಳೇ ಒಬ್ಬ ಮೀನಿನ ಹೆಂಗಸು. ಮುಂದೆ ತುಂಬಿದ ಬುಟ್ಟಿ, ಮಿರಮಿರ ಮಿಂಚುವ ಬಂಗುಡೆ. ಎದುರಿಗೆ ಯಾವುದೋ ಹೋಟೆಲಿನ ಪರವಾಗಿ ಕೊಳ್ಳಲು ಬಂದ ದಪ್ಪ ಮನುಷ್ಯ. ಸುತ್ತ ಒಂದು ಸಣ್ಣ ಗುಂಪು.

ಆಮೇಲೆ ತಿಳಿದುಕೊಂಡದ್ದು ಹೀಗೆ. ಆ ಹೆಂಗಸಿನ ಹೆಸರು ಗಿರಿಜಕ್ಕ, ನದಿಯಾಚೆಯ ಬೆಂಗರೆಯವಳು. ಏಲಂನಲ್ಲಿ ಕೊಂಡ ಮೀನನ್ನು ಅಲ್ಲೇ ಮಾರಲು ಕುಳಿತಿದ್ದಳು. ದಪ್ಪ ಮನುಷ್ಯ ಇಡೀ ಬುಟ್ಟಿಯನ್ನು ತೀರಾ ಕಡಿಮೆಗೆ ಕೇಳಿ, "ಬಿಸಿಲೇರಿದ ಮೇಲೆ ಯಾರೂ ಕೇಳುವುದಿಲ್ಲ" ಎಂದು ಹೆದರಿಸುತ್ತಿದ್ದ. ಅವರು ಆಡುತ್ತಿದ್ದದ್ದು ತುಳು. ಅತ್ತೆಗೆ ಒಂದು ಶಬ್ದವೂ ಗೊತ್ತಿಲ್ಲ. ಆದರೆ ಆ ಮುಖಭಾವ, ಅರ್ಧ ಹೋದ ಹಾಗೆ ಮಾಡಿ ತಿರುಗಿ ಬರುವ ಆ ನಡಿಗೆ, ಮಾಲನ್ನು ಕಾಲಬೆರಳಿನಿಂದ ತೋರಿಸುವ ಆ ಉಡಾಫೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುರಿ ಸಂತೆಯಲ್ಲಿ ಅವರು ಅದನ್ನು ಕಂಡು ಕಂಡು ಬೇಸತ್ತಿದ್ದರು. ಸುಮ್ಮನೆ ಕೂರಲಾಗಲಿಲ್ಲ. "ಏನ್ ರೇಟು?" ಎಂದು ಕೇಳಿ ತಿಳಿದು, ಅವನಿಗಿಂತ ಹೆಚ್ಚು ಹೇಳಿ, "ನಾ ತಗಂತೀನಿ" ಎಂದುಬಿಟ್ಟರು. ಅವನೂ ಏರಿಸಿದ. ಅತ್ತೆ ಮತ್ತೆ ಏರಿಸಿದರು. ಸುತ್ತಲಿನ ಮೀನಿನ ಹೆಂಗಸರು ತಮ್ಮ ಬುಟ್ಟಿ ಬಿಟ್ಟು ಬಂದು ಸೇರಿದರು. ನಾವು ತಲುಪಿದ್ದು ಆಗಲೇ. ದಪ್ಪ ಮನುಷ್ಯ ಕೈ ಮುಗಿದು ನಗುತ್ತ, "ಅಮ್ಮನೇ ತೆಕ್ಕೊಳ್ಳಲಿ" ಎಂದು ಹೊರಟೇಹೋದ.

ಹೆಂಗಸರು ಹೋ ಎಂದು ನಕ್ಕರು. ಗಿರಿಜಕ್ಕ ಅತ್ತೆಯ ಕೈ ಹಿಡಿದುಕೊಂಡು ತನ್ನ ಕನ್ನಡದಲ್ಲಿ, "ನೀವು ನನಗೋಸ್ಕರ ಹೇಳಿದ್ದು ಅಂತ ಗೊತ್ತುಂಟು ಅಮ್ಮಾ. ಮೀನು ಇರಲಿ, ನಾನು ಬೇರೆಯವರಿಗೆ ಮಾರ್ತೇನೆ" ಎಂದಳು.

ಅತ್ತೆಯ ಮುಖ ಗಂಭೀರವಾಯಿತು. "ಛೇ, ಛೇ. ಸಂತ್ಯಾಗೆ ಆಡಿದ ಮಾತು ಅಂದ್ರೆ ಮಾತೇ. ಬಾಯಿಲೆ ಹೇಳೀನಿ, ನಾಕು ಜನ ಕೇಳ್ಯಾರೆ. ತಗಂತೀನಿ." ಹೀಗೆಂದು ನನ್ನ ಕಡೆ ತಿರುಗಿ, "ಸರಿಯಾಗಿ ಬಂದಿ. ಕೊಡು" ಎಂದರು.

ನಾನು ಕೊಟ್ಟೆ. ಬುಟ್ಟಿ ತುಂಬ ಬಂಗುಡೆ, ಮನೆಯಲ್ಲಿ ಮೂರೇ ಜನ. ಆಟೋದಲ್ಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಅಮ್ಮ ತಲೆಯ ಮೇಲೆ ಕೈ ಹೊತ್ತರು. ಫ್ರಿಜ್ಜಿನಲ್ಲಿ ಹಿಡಿಸುವುದಿಲ್ಲ, ಉಪ್ಪು ಹಾಕಿ ಒಣಗಿಸಲು ಅಂಗಳವಿಲ್ಲ. ಅತ್ತೆಗೆ ಇದು ಸಮಸ್ಯೆಯೆಂದೇ ಅನ್ನಿಸಲಿಲ್ಲ. "ಕುರಿ ಕಡಿದ್ರೆ ನಾವು ಕೇರಿಗೆಲ್ಲಾ ಪಾಲು ಹಾಕಲ್ವೇನು? ಮೀನು ಏನ್ ಬ್ಯಾರೆನಾ? ನಡೀರಿ, ಬಾಗ್ಲು ಬಡಿಯಾನ."

"ಅಯ್ಯೋ, ಇಲ್ಲಿ ಹಾಗೆಲ್ಲ ಬಡಿಯುವ ಕ್ರಮ ಇಲ್ಲ" ಎಂದರು ಅಮ್ಮ.

ಅಷ್ಟರಲ್ಲಿ ಅತ್ತೆ ಮೊದಲ ಬಾಗಿಲು ಬಡಿದಾಗಿತ್ತು.

ಆ ಬೆಳಿಗ್ಗೆ ನಾನು ಕಂಡದ್ದನ್ನು ಯಾವ ಊರ ಚರಿತ್ರೆಯ ಪುಸ್ತಕದಲ್ಲೂ ಬರೆದಿರಲಾರರು. ಕೆಳಗಿನ ಮನೆಯ ಬ್ಯಾರಿ ಹೆಂಗಸು ಬಾಗಿಲನ್ನು ಸ್ವಲ್ಪವೇ ತೆರೆದು, ಬುಟ್ಟಿ ನೋಡಿ, ಪೂರ್ತಿ ತೆರೆದಳು. ಎದುರಿನ ಕೊಂಕಣಿ ಅಜ್ಜಿ ಮೀನಿನ ಕಿವಿರೆತ್ತಿ ನೋಡಿ, "ಇವತ್ತಿನದ್ದೇ!" ಎಂದು ಉದ್ಗರಿಸಿದರು, ಅವರಿಗೆ ಕಾಲುನೋವು, ಮೊಮ್ಮಕ್ಕಳು ಪ್ಯಾಕೆಟಿನ ಮೀನು ತರಿಸುತ್ತಾರಂತೆ. ಮೇಲಿನ ಮನೆಯ ಮಲಯಾಳಿ ನರ್ಸು ಆಗಷ್ಟೇ ಕೆಲಸ ಮುಗಿಸಿ ಬಂದವಳು, ನಿದ್ದೆ ಬಿಟ್ಟು ಕತ್ತಿ ಹಿಡಿದು ಬಂದಳು. ಕೊನೆಯ ಫ್ಲ್ಯಾಟಿನ ಶಾಕಾಹಾರಿ ದಂಪತಿ ಮೀನು ಬೇಡವೆಂದು ಕೈ ಮುಗಿದರು. ಆದರೆ ತಮ್ಮ ತೋಟದ ತೆಂಗಿನಕಾಯಿಗಳನ್ನು ಕಳಿಸಿದರು, ಆಮೇಲೆ ತಾವೂ ಬಂದು ಕುರ್ಚಿ ಹಾಕಿಕೊಂಡು ದೂರದಲ್ಲಿ ಕುಳಿತರು. ಅಷ್ಟು ಮೀನನ್ನು ಯಾರ ಅಡುಗೆಮನೆಯಲ್ಲೂ ಕೊಯ್ಯಲು ಜಾಗವಿಲ್ಲದೆ ಎಲ್ಲರೂ ಕೆಳಗೆ, ಕಾರು ನಿಲ್ಲಿಸುವ ಜಾಗಕ್ಕೆ ಇಳಿದೆವು. ಎರಡು ಕಾರುಗಳನ್ನು ಹೊರಗೆ ತಳ್ಳಲಾಯಿತು.

ಆಮೇಲೆ ಜಗಳ ಶುರುವಾಯಿತು. ಎಂಥ ಸೊಗಸಾದ ಜಗಳ! ಹುಣಸೆ, ಮೆಣಸು ಅರೆದು ಪುಳಿಮುಂಚಿ ಮಾಡಬೇಕೆಂದು ಅಮ್ಮ. ಕಾಯಿ ಅರೆದು ಹಾಕದಿದ್ದರೆ ಅದು ಸಾರೇ ಅಲ್ಲವೆಂದು ಕೊಂಕಣಿ ಅಜ್ಜಿ. ಹುಳಿಗೆ ತಮ್ಮ ಕಡೆಯ ಕೊಡಂಪುಳಿ ತರುತ್ತೇನೆಂದು ನರ್ಸು ಮೇಲಕ್ಕೆ ಓಡಿದಳು. ಹುರಿಯುವುದಾದರೆ ಮಾತ್ರ ತನಗೆ ಬಿಡಿ ಎಂದು ಬ್ಯಾರಿ ಹೆಂಗಸು ತೋಳೇರಿಸಿದಳು. ಒಬ್ಬರು ತುಳುವಿನಲ್ಲಿ ಬಯ್ದರೆ ಇನ್ನೊಬ್ಬರು ಕೊಂಕಣಿಯಲ್ಲಿ ಉತ್ತರಿಸಿದರು. ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿ ಬದುಕಿದವರು ಆವತ್ತು ಹೆಸರು ಕೇಳಿಕೊಂಡರು. ನನ್ನ ಓಣಿ ಎಲ್ಲಿಗೂ ಹೋಗಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಇತ್ತು, ಯಾರಾದರೂ ಬಡಿಯಲಿ ಎಂದು ಕಾಯುತ್ತ. ಬಡಿದದ್ದು ಮಾತ್ರ ಊರಿನ ಮಗಳಾದ ನಾನಲ್ಲ, ಜಗಳೂರಿನ ಓಬಮ್ಮ.

ಮಧ್ಯಾಹ್ನ ಎಲ್ಲರೂ ಅಲ್ಲೇ ಸಾಲಾಗಿ ಕುಳಿತು ಉಂಡೆವು. ಅತ್ತೆ ನಾಲ್ಕು ಬಗೆಯ ಬಂಗುಡೆಯನ್ನೂ ಸಮನಾಗಿ ಹೊಗಳಿದರು. ಇದು ಬುದ್ಧಿವಂತಿಕೆ, ಒಂದನ್ನು ಹೆಚ್ಚು ಹೊಗಳಿದ್ದರೆ ಊರು ಹೊತ್ತಿಕೊಳ್ಳುತ್ತಿತ್ತು. ಕುರಿ ಸಂತೆಯ ಟವೆಲಿನ ಕಥೆಯನ್ನು ಅವರು ಹೇಳಿದಾಗ ಕೊಂಕಣಿ ಅಜ್ಜಿ ಅರ್ಧ ಮಾತ್ರ ಅರ್ಥವಾದರೂ ಪೂರ್ತಿ ನಕ್ಕರು. ಅಮ್ಮ ನನ್ನ ಕಿವಿಯಲ್ಲಿ, "ನಿನ್ನ ಅತ್ತೆಯನ್ನು ಸ್ವಲ್ಪ ದಿನ ಇಲ್ಲೇ ಬಿಡು ಮಾರಾಯ್ತಿ" ಎಂದರು.

ಸಂಜೆ ಬೆಂಗರೆಗೆ ಬರಬೇಕೆಂದು ಗಿರಿಜಕ್ಕ ದಕ್ಕೆಯಲ್ಲೇ ಹೇಳಿ ಕಳಿಸಿದ್ದಳು. ಬೆಂಗರೆ ಎಂದರೆ ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ. ಬಂದರಿನಿಂದ ದೋಣಿಯಲ್ಲಿ ದಾಟಬೇಕು. ದೋಣಿ ಅಲುಗಾಡಿದಾಗ ಅತ್ತೆ ಹೆದರಲಿಲ್ಲ; ಎದುರಿನಿಂದ ದೊಡ್ಡ ಮೀನುದೋಣಿಯೊಂದು ಹಾದುಹೋದಾಗ ಕೈ ಬೀಸಿದರು. ದೋಣಿಯವರೂ ಬೀಸಿದರು. ಗಿರಿಜಕ್ಕನ ಮನೆಯಲ್ಲಿ ಚಹಾ ಕುಡಿದು, ತೆಂಗಿನ ಮರಗಳ ನಡುವೆ ಮರಳಿನ ದಾರಿಯಲ್ಲಿ ನಡೆದು ಆಚೆ ಬದಿಗೆ ಹೋದೆವು. ಅಲ್ಲಿ ಒಂಟೆ ಇರಲಿಲ್ಲ, ಗೋಬಿ ಇರಲಿಲ್ಲ. ಬಲೆ ಒಣಹಾಕಿದ್ದರು. ಅದರಾಚೆ ಬರೀ ನೀರು, ಆಕಾಶದವರೆಗೆ. ಸೂರ್ಯ ಕೆಳಗಿಳಿಯುತ್ತಿದ್ದ.

ಅತ್ತೆ ಚಪ್ಪಲಿ ಬಿಟ್ಟು ನಡೆದರು. ಪಾದ ತೊಯ್ದಾಗ ನಿಂತರು. ಒಂದು ಅಲೆ ಬಂದು ಮೊಣಕಾಲಿಗೆ ಬಡಿದಾಗ ಬಿದ್ದೇಬಿಡುವವರ ಹಾಗೆ ನನ್ನ ತೋಳು ಹಿಡಿದು ಹುಡುಗಿಯ ಹಾಗೆ ಕೂಗಿಕೊಂಡರು. ಇನ್ನೊಂದು ಅಲೆ ಬಂತು, ಮತ್ತೊಂದು. ಅವರು ನಗುತ್ತಲೇ ಇದ್ದರು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನಗು ನಿಂತಿತು. ನೀರನ್ನು ನೋಡುತ್ತಲೇ ನಿಧಾನವಾಗಿ ಕೇಳಿದರು:

"ಇದನ್ನೆಲ್ಲಾ ಬಿಟ್ಟು ನಮ್ಮ ಬಯಲಿಗೆ ಹೆಂಗ್ ಬಂದ್ಯೇ ನೀನು?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಅಮ್ಮ ಕೇಳಿರಲಿಲ್ಲ. ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ಒಳ್ಳೆಯ ಉತ್ತರ ಎಂದಿನಂತೆ ಸಮಯಕ್ಕೆ ಬರಲಿಲ್ಲ.

"ಬಸ್ಸಿನಲ್ಲಿ ಬಂದೆ ಅತ್ತೆ" ಎಂದೆ.

ಅವರು ತಿರುಗಿ ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದೂ ಉಪ್ಪೇ, ಅಲ್ಲಿ ಎಲ್ಲವೂ ಉಪ್ಪಾಗಿದ್ದರಿಂದ ಯಾವುದು ಯಾವುದೆಂದು ಯಾರೂ ವಿಚಾರಿಸಲಿಲ್ಲ. ಅತ್ತೆ ಒದ್ದೆ ಕೈಯಿಂದ ನನ್ನ ಬೆನ್ನು ಸವರಿದರು. "ಬಂದಿಯಲ್ಲ, ಅಷ್ಟೇ ಸಾಕು ಬಿಡು" ಎಂದರು. ಆ ಸಂಜೆ ಬೆಂಗರೆಯ ಮರಳಿನ ಮೇಲೆ ನಾನು ಗೆದ್ದೆ. ನನ್ನ ಊರು ಗೆದ್ದಿತು. ಸೋತವರು ಯಾರೂ ಇರಲಿಲ್ಲವೆಂಬುದು ಆ ಗೆಲುವಿನ ವಿಶೇಷ.

ಎರಡು ದಿನಕ್ಕೆಂದು ಹೋದವರು ವಾರ ಕಳೆದ ಮೇಲೆ ಮರಳಿದೆವು. ಈಗ ನಮ್ಮ ಕಟ್ಟೆಯ ಮೇಲೆ ಪ್ರವಚನ ಮಾಡುವವರು ಅತ್ತೆ. ಅವರ ಮಂಗಳೂರಿನಲ್ಲಿ ಹಡಗುಗಳು ನನ್ನ ಮಂಗಳೂರಿನ ಹಡಗುಗಳಿಗಿಂತ ದೊಡ್ಡವು. ಬಂಗುಡೆ ಕುರಿಮರಿಯಷ್ಟು ಉದ್ದವಿರುತ್ತದೆ. ಅಲ್ಲಿಯ ಸೆಕೆಯನ್ನೂ ಅವರು ಬಿಟ್ಟುಕೊಡುವುದಿಲ್ಲ: "ಮೈಯಾಗಿನ ಕೆಟ್ಟ ನೀರೆಲ್ಲಾ ಹೊರಗ್ ಹೊಕ್ಕೈತೆ, ಡಾಕ್ಟ್ರೇ ಬ್ಯಾಡ."

ಮೊನ್ನೆ ಬೀದಿಯ ಹೆಂಗಸರ ಒಂದು ಗುಂಪು ಮಂಗಳೂರಿಗೆ ಹೊರಟಿತ್ತು. ಸಲಹೆ ಕೇಳಲು ಅವರು ಬಂದದ್ದು ನನ್ನ ಬಳಿಗಲ್ಲ. ಅತ್ತೆ ಕಾಲು ಚಾಚಿ ಕುಳಿತು ಒಂದೊಂದಾಗಿ ಹೇಳುತ್ತಿದ್ದರು: ಎಲ್ಲಿ ಇಳಿಯಬೇಕು, ದಕ್ಕೆಗೆ ಎಷ್ಟು ಹೊತ್ತಿಗೆ ಹೋಗಬೇಕು, ಬೆಂಗರೆಯ ದೋಣಿ ಎಲ್ಲಿಂದ ಹೊರಡುತ್ತದೆ, ಯಾರ ಹೆಸರು ಹೇಳಿದರೆ ಚಹಾ ಸಿಗುತ್ತದೆ. ನಾನು ಒಳಗಿನಿಂದ ಬರುತ್ತ, "ಅತ್ತೆ, ಬಸ್‌ಸ್ಟ್ಯಾಂಡಿನಿಂದ ದಕ್ಕೆಗೆ ಆ ದಾರಿ ಅಲ್ಲ, ಮಾರ್ಕೆಟ್ ಕಡೆಯಿಂದ ಹೋಗುವುದು ಹತ್ತಿರ" ಎಂದೆ.

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಆಕಿ ಮಾತು ಕೇಳ್ಬ್ಯಾಡ್ರಿ. ಆ ರಸ್ತೆ ಈಗ ಒನ್‌ವೇ ಆಗೈತೆ. ಪಾಪ, ಆಕಿ ಜಗಳೂರಿನಾಕಿ, ಆಕಿಗೇನ್ ಗೊತ್ತಿರ್ತೈತೆ?" ಎಂದರು.

ಜಗಳೂರಿನಾಕಿ! ಸರ್ಕಾರ ಕೊಟ್ಟ ಯಾವ ಗುರುತಿನ ಚೀಟಿಯೂ ಇಷ್ಟು ಖಚಿತವಾಗಿ ನನಗೆ ಒಂದು ಊರನ್ನು ಬರೆದುಕೊಟ್ಟಿರಲಿಲ್ಲ. ತವರು ಕೈತಪ್ಪಿ ಹೋಯಿತೆಂದು ಅಳಬೇಕೋ, ಊರೊಂದು ಕೈಸೇರಿತೆಂದು ಕುಣಿಯಬೇಕೋ ತಿಳಿಯದೆ, ಎಲ್ಲರಿಗೂ ಚಹಾ ಇಡಲು ಒಳಗೆ ಹೋದೆ. ಹಾಲು ಉಕ್ಕುವಾಗ ನೋಡಿಕೊಂಡರೆ, ನಾನು ಸಣ್ಣಗೆ ನಗುತ್ತಿದ್ದೆ.